ಪೂರ್ವಸಮ್ಮತಿಯ ಪೂರ್ವೇತಿಹಾಸ

ಮುರಿದವರನ್ನು ದಂಡಿಸುವ ಅಧಿಕಾರವಿಲ್ಲದ ಒಡಂಬಡಿಕೆಯನ್ನು ನೀರ ಮೇಲಣ ಬರೆಹವೆಂದು ತಳ್ಳಿಹಾಕುವುದು ಅಂತರರಾಷ್ಟ್ರೀಯ ನ್ಯಾಯದ ಪಂಡಿತರಲ್ಲಿ ಬಹುಕಾಲದ ರೂಢಿ. ಆ ರೂಢಿಗೆ ಆಧಾರವಿಲ್ಲದೆ ಇಲ್ಲ. ಆದರೂ ವಿಷರಾಸಾಯನಿಕಗಳ ವಾಣಿಜ್ಯದ ಕಳೆದ ಅರ್ಧ ಶತಮಾನದ ಚರಿತ್ರೆಯನ್ನು ಸಾವಧಾನವಾಗಿ ನೋಡಿದವರಿಗೆ, ಯಾರನ್ನೂ ನಿರ್ಬಂಧಿಸದ ಒಂದು ಏರ್ಪಾಡೇ ಮೊದಲು ಹಾದಿ ಸವೆಸಿತೆಂದೂ, ನಿರ್ಬಂಧಿಸುವ ಕಾನೂನು ಅದರ ಹಿಂದೆ ನಡೆದುಬಂದಿತೆಂದೂ, ಬಂದಮೇಲೆ ಒಂದೆರಡು ವಿಷಯಗಳಲ್ಲಿ ಅದಕ್ಕಿಂತಲೂ ಹಿಂದೆ ಬಿದ್ದಿತೆಂದೂ ತೋರದೆ ಇರದು.

1971ರಲ್ಲಿ ಇರಾಕಿನ ಸರ್ಕಾರವು ಮೆಕ್ಸಿಕೋ ಮತ್ತು ಅಮೆರಿಕಗಳಿಂದ ಬಿತ್ತನೆಯ ಗೋಧಿಯನ್ನೂ ಬಾರ್ಲಿಯನ್ನೂ ತರಿಸಿ ರೈತರಿಗೆ ಹಂಚಿತು. ಬೂಷ್ಟು ಹಿಡಿಯದಿರಲೆಂದು ಆ ಕಾಳಿಗೆ ಪಾದರಸದ ಸಂಯುಕ್ತವೊಂದನ್ನು ಲೇಪಿಸಿ, ಗುರುತಿಗಾಗಿ ಕೆಂಬಣ್ಣವನ್ನೂ ಕೊಟ್ಟಿದ್ದರು. ಬೀಜಲೇಪನಕ್ಕೆ ಆ ಬಗೆಯ ಸಂಯುಕ್ತಗಳ ಬಳಕೆಯನ್ನು ಸ್ವೀಡನ್ 1966ರಲ್ಲಿಯೇ ನಿಷೇಧಿಸಿತ್ತು. ಗೋಣಿಚೀಲಗಳ ಮೇಲಿನ ಎಚ್ಚರಿಕೆಯಾದರೋ ಸ್ಪ್ಯಾನಿಷ್ ಅಥವಾ ಇಂಗ್ಲಿಷಿನಲ್ಲಿದ್ದಿತು. ಬೀಜವು ಬಂದು ಮುಟ್ಟುವ ವೇಳೆಗೆ ಅನೇಕರ ಬಿತ್ತನೆ ಮುಗಿದುಹೋಗಿತ್ತು. ಮನೆಯಲ್ಲಿ ಉಳಿದ ಕಾಳನ್ನು ತೊಳೆದಾಗ ಬಣ್ಣ ಬಿಟ್ಟುದನ್ನು ಕಂಡು ವಿಷವೂ ಬಿಟ್ಟಿತೆಂದು ನಂಬಿದವರುಂಟು. ಕೋಳಿಗಳಿಗೆ ಹಾಕಿ ನೋಡಿ, ಅವು ಕೆಲವು ದಿನ ಸುಖವಾಗಿಯೇ ಇದ್ದುದರಿಂದ ಧೈರ್ಯ ತಾಳಿ ರೊಟ್ಟಿ ಸುಟ್ಟವರುಂಟು. ಮೈಯಲ್ಲಿ ವಾರಗಟ್ಟಲೆ ಅಡಗಿದ್ದು ಆಮೇಲೆ ತಲೆದೋರುವುದು ಆ ವಿಷದ ಸ್ವಭಾವ. ಆಸ್ಪತ್ರೆಗಳಿಗೆ ಸೇರಿದವರು 6,530 ಮಂದಿ, ಅಲ್ಲಿ ಸತ್ತವರು 459 ಮಂದಿ ಎಂದು ಅಧಿಕೃತ ಲೆಕ್ಕ. ಆಸ್ಪತ್ರೆಯ ಬಾಗಿಲನ್ನೇ ಕಾಣದವರು ಇದರಲ್ಲಿ ಸೇರಿಲ್ಲ.

ಒಂದು ದೇಶ ತನ್ನ ಪ್ರಜೆಗಳಿಗೆ ಕೂಡದೆಂದ ಪದಾರ್ಥವನ್ನು ಮತ್ತೊಂದು ದೇಶ ಏನೂ ತಿಳಿಯದೆ ಕೊಳ್ಳಬಹುದೆ ಎಂಬ ಪ್ರಶ್ನೆ ಇಂಥ ದುರಂತಗಳಿಂದ ಹರಿತವಾಯಿತು. ಅಮೆರಿಕದ ಅಧ್ಯಕ್ಷ ಕಾರ್ಟರರು ಅಧಿಕಾರ ಬಿಡುವ ಕೆಲವೇ ದಿನಗಳ ಮುಂಚೆ, 1981ರ ಜನವರಿಯಲ್ಲಿ, ಇಂಥ ರಫ್ತಿಗೆ ಅಂಕೆ ಹಾಕುವ ಆಜ್ಞೆಯೊಂದನ್ನು ಹೊರಡಿಸಿದರು. ಅವರ ಉತ್ತರಾಧಿಕಾರಿ ರೇಗನರು ಮರು ತಿಂಗಳೇ ಅದನ್ನು ರದ್ದುಮಾಡಿದರು. ಮರುವರ್ಷ ಮಲೇಷಿಯಾದ ಪೆನಾಂಗಿನಲ್ಲಿ ಕೀಟನಾಶಕಗಳ ವಿರುದ್ಧ ಹೋರಾಡುವ ಸಂಸ್ಥೆಗಳ ಒಕ್ಕೂಟವೊಂದು ಹುಟ್ಟಿತು. ಭೋಪಾಲದ ದುರಂತ ನಡೆದು ಇನ್ನೂ ವರ್ಷ ತುಂಬುವುದರೊಳಗೆ, 1985ರ ನವೆಂಬರಿನಲ್ಲಿ, ಆಹಾರ ಮತ್ತು ಕೃಷಿ ಸಂಸ್ಥೆಯು ಕೀಟನಾಶಕಗಳ ಬಗ್ಗೆ ನೀತಿಸಂಹಿತೆಯನ್ನು ಅಂಗೀಕರಿಸಿತಾದರೂ, ಕೊಳ್ಳುವ ದೇಶದ ಪೂರ್ವಸಮ್ಮತಿಯಿಲ್ಲದೆ ಕಳುಹಕೂಡದೆಂಬ ಮಾತು ಕರಡಿನಲ್ಲಿದ್ದುದು ಕಡೆಯ ಪಾಠದಲ್ಲಿ ಉಳಿಯಲಿಲ್ಲ. ಸಹಿಗೆ ಬಾಧ್ಯತೆಯೇ ಇಲ್ಲದ ಕಾಗದದಿಂದ ಒಂದು ಮಾತನ್ನು ಹೊರಗಿಡಲು ಇಷ್ಟು ಶ್ರಮವೇಕೆ? ಅದು ನಿಷ್ಫಲವಾಗಲಾರದೆಂದು ವಿರೋಧಿಗಳು ಮನಗಂಡಿದ್ದರೆಂದೇ ನನ್ನ ಊಹೆ.

1989ರಲ್ಲಿ ಆ ಮಾತು ಹಿಂತಿರುಗಿ ಬಂದಿತು. ಆ ಸಂಹಿತೆಯೂ, ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಲಂಡನ್ ಮಾರ್ಗಸೂಚಿಗಳೂ ಅದೇ ವರ್ಷ ತಿದ್ದುಪಡಿಯಾಗಿ, ಎರಡೂ ಸಂಸ್ಥೆಗಳು ಕೂಡಿ ಒಂದು ಕ್ರಮವನ್ನು ನಡೆಸತೊಡಗಿದವು. ಕ್ರಮವೇನೋ ಸರಳ. ಪ್ರತಿಯೊಂದು ದೇಶವೂ ಈ ವ್ಯವಹಾರಕ್ಕೆಂದು ಒಬ್ಬ ಅಧಿಕಾರಿಯನ್ನು ಹೆಸರಿಸುವುದು. ಒಂದು ರಾಸಾಯನಿಕವನ್ನು ಏತಕ್ಕೆ ನಿಷೇಧಿಸಲಾಯಿತೆಂಬ ವಿವರಣೆಯ ಪತ್ರ ಆತನಿಗೆ ಹೋಗುವುದು. ಬೇಕು, ಬೇಡ, ಇಂತಿಂಥ ನಿಯಮಕ್ಕೊಳಪಟ್ಟು ಬೇಕು ಎಂದು ಆತನು ಉತ್ತರ ಬರೆಯುವುದು. ಆ ಉತ್ತರಗಳನ್ನು ಎಲ್ಲರಿಗೂ ತಿಳಿಸುವುದು. ಬೇಡವೆಂದ ದೇಶ ತನ್ನಲ್ಲಿಯೂ ಅದನ್ನು ತಯಾರಿಸಕೂಡದು, ಪರಿಸರದ ನೆಪದಲ್ಲಿ ಸ್ವದೇಶಿ ಕಾರ್ಖಾನೆಗೆ ರಕ್ಷಣೆ ಕೊಡಕೂಡದು ಎಂಬ ಜಾಣ್ಮೆಯ ಷರತ್ತೂ ಅದರಲ್ಲಿದ್ದಿತು. ದಂಡದ ಮಾತಿಲ್ಲದ ಈ ಪತ್ರವ್ಯವಹಾರಕ್ಕೆ 150ಕ್ಕೂ ಮಿಕ್ಕ ದೇಶಗಳು ಸೇರಿದುವು. ಮೊದಲು ಮುಖ ತಿರುಗಿಸಿದ್ದ ತಯಾರಕರ ಸಂಘವೇ ಕ್ರಮೇಣ ಒಪ್ಪಿತು. ದೇಶಕ್ಕೊಂದು ಕಾನೂನಿಗಿಂತ ಎಲ್ಲರಿಗೂ ಒಂದೇ ಪಟ್ಟಿ ವ್ಯಾಪಾರಿಗೂ ಅನುಕೂಲವಷ್ಟೆ.

ಹೀಗೆ ಅಭ್ಯಾಸವಾದುದನ್ನೇ 1998ರ ಸೆಪ್ಟೆಂಬರ್ 10ರಂದು ರಾಟರ್‌ಡ್ಯಾಮಿನಲ್ಲಿ ಕರಾರಾಗಿ ಬರೆದರು. ಅದು ಜಾರಿಗೆ ಬಂದುದು 2004ರ ಫೆಬ್ರವರಿಯಲ್ಲಿ. ನಡುವಣ ವರ್ಷಗಳಲ್ಲಿಯೂ ಕೆಲಸ ಸ್ವಯಂಪ್ರೇರಣೆಯಿಂದಲೇ ಸಾಗಿತು. ಆದರೆ ಬಾಧ್ಯತೆ ಬಂದೊಡನೆ ಎಚ್ಚರಿಕೆಯೂ ಬಂದಿತು. ಹಳೆಯ ಕ್ರಮದಲ್ಲಿ ಹೊಸದಾಗಿ ನಿಷೇಧಿಸಿದ ದೇಶ ಒಂದೇ ಆದರೂ ಪದಾರ್ಥ ಪರಿಶೀಲನೆಗೆ ಅರ್ಹವಾಗುತ್ತಿತ್ತು; ಈಗ ಎರಡು ಭೂಭಾಗಗಳ ಎರಡು ದೇಶಗಳ ಸೂಚನೆ ಬೇಕಾಯಿತು. ಪಟ್ಟಿಗೆ ಸೇರಿಸಲು ಸಮಸ್ತರ ಒಮ್ಮತ ಬೇಕಾದುದರಿಂದ ಒಬ್ಬನೇ ಪ್ರತಿನಿಧಿ ಕೈಯೆತ್ತಿ ಎಲ್ಲರನ್ನೂ ತಡೆಯಬಹುದಾಯಿತು.

ಕಾಸರಗೋಡಿನ ಮತ್ತು ದಕ್ಷಿಣ ಕನ್ನಡದ ಗೇರುತೋಟಗಳ ಕನ್ನಡಿಗರಿಗೆ ಇದು ದೂರದ ವಿಷಯವಲ್ಲ. 2000ದವರೆಗೂ ಕಾಸರಗೋಡಿನ ಗುಡ್ಡಗಳ ಮೇಲೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಎಂಡೋಸಲ್ಫಾನ್, 2008ರಲ್ಲಿ ರೋಮ್ ನಗರದ ಸಭೆಯಲ್ಲಿ ಆ ಪಟ್ಟಿಗೆ ಸೇರದೆ ಉಳಿದುದು ಭಾರತದ ಆಕ್ಷೇಪಣೆಯ ಫಲವಾಗಿಯೇ. 2011ರ ಮೇ 13ರಂದು ನಮ್ಮ ಸರ್ವೋಚ್ಚ ನ್ಯಾಯಾಲಯವು ಅದರ ತಯಾರಿಕೆಯನ್ನೂ ಮಾರಾಟವನ್ನೂ ತಡೆಹಿಡಿಯಿತು. ಮುಂದಿನ ತಿಂಗಳು ಜಿನೀವಾದಲ್ಲಿ ಎಂಡೋಸಲ್ಫಾನ್ ಪಟ್ಟಿ ಸೇರಿತು. ಅದೇ ಸಭೆಯಲ್ಲಿ ಬಿಳಿಯ ಕಲ್ನಾರನ್ನು ಸೇರಿಸುವ ಸೂಚನೆಗೆ ಕೆನಡಾ ಅಡ್ಡಬಂದಿತು, ಮುಂದಿನ ಸಭೆಗಳಲ್ಲಿ ಬೇರೆ ದೇಶಗಳು ಅಡ್ಡಬಂದುವು, ಅವುಗಳಲ್ಲಿ ಭಾರತವೂ ಒಂದು.