ಹಿತ್ತಲ ಕಾರಿಗೆ ಮರುಜೀವ

ಹೈದರಾಬಾದಿನ ಚೌಮಹಲ್ಲಾ ಅರಮನೆಯಲ್ಲಿ ಹಳದಿ ಬಣ್ಣದ ರೋಲ್ಸ್ ರಾಯ್ಸ್ ಕಾರೊಂದಿದೆ. ಅದನ್ನು ಬಯಸಿ ತರಿಸಲು ಹೊರಟವರು ಆರನೆಯ ನಿಜಾಮ ಮಹಬೂಬ್ ಅಲಿ ಖಾನ್. ಕಾರು ಬರುವ ಮೊದಲೇ, 1911ರಲ್ಲಿ, ಅವರು ತೀರಿಕೊಂಡರು. ಮಗ ಉಸ್ಮಾನ್ ಅಲಿ ಖಾನರ ಕಾಲದಲ್ಲಿ ದರ್ಬಾರು, ಮೆರವಣಿಗೆಗಳಿಗಷ್ಟೇ ಹೊರಬರುತ್ತಿದ್ದ ಅದು ಒಟ್ಟು ಓಡಿದ್ದು 356 ಮೈಲಿ ಮಾತ್ರ. ಆಮೇಲೆ ದಶಕಗಳ ಕಾಲ ದೂಳು ತಿಂದು, ಕೊನೆಗೆ ದುರಸ್ತಿಗೊಂಡು ಈಗ ಪ್ರದರ್ಶನಕ್ಕೆ ನಿಂತಿದೆ.

ಇಂದಿನ ಕೊಪ್ಪಳ ಜಿಲ್ಲೆಯೂ ಅದೇ ನಿಜಾಮರ ರಾಜ್ಯಕ್ಕೆ ಸೇರಿತ್ತು. ಕೊಪ್ಪಳ ಮತ್ತು ಯಲಬುರ್ಗಾ ಸಾಲಾರ್ ಜಂಗ್ ಮನೆತನದ ಜಹಗೀರುಗಳು. ಇಲ್ಲಿನ ರೈತನಿಗೆ ಕಾರೆಂಬುದು ದೊರೆಗಳ ವಸ್ತು. ಅವನ ಪಾಲಿಗೆ ಇದ್ದದ್ದು ಎತ್ತಿನ ಬಂಡಿ. ನಿಜಾಮರ ರೈಲ್ವೆ ಇಲಾಖೆ 1932ರಲ್ಲಿ ಬಸ್ ಸಂಚಾರ ಆರಂಭಿಸಿದಾಗ ಇಡೀ ರಾಜ್ಯಕ್ಕೆ ಇದ್ದ ಬಸ್ಸುಗಳು 27.

ಈ ಚಿತ್ರ ಬದಲಾದದ್ದು ತುಂಗಭದ್ರೆಯ ನೀರಿನಿಂದ. 1953ರಲ್ಲಿ ಅಣೆಕಟ್ಟು ಪೂರ್ಣಗೊಂಡು, ಎಡದಂಡೆ ಕಾಲುವೆ ಹರಿದ ಮೇಲೆ ಗಂಗಾವತಿ ಭತ್ತದ ಕಣಜವಾಯಿತು. ಅಕ್ಕಿ ಗಿರಣಿಗಳ ಹಿಂದೆಯೇ ಲಾರಿ, ಟ್ರ್ಯಾಕ್ಟರು, ಕಾರುಗಳೂ ಬಂದವು. ಮಳೆಯನ್ನೇ ನಂಬಿದ ಕುಷ್ಟಗಿ, ಯಲಬುರ್ಗಾಗಳಿಗೆ ಅವು ತಡವಾಗಿ ಬಂದವು. ಆಗ ಆಮದಿಗೆ ಕಡಿವಾಣವಿದ್ದುದರಿಂದ ಆಯ್ಕೆ ಇದ್ದದ್ದು ಮುಖ್ಯವಾಗಿ ಅಂಬಾಸಿಡರ್, ಫಿಯೆಟ್ ಮತ್ತು ಸ್ಟ್ಯಾಂಡರ್ಡ್ ಎಂಬ ಮೂರರಲ್ಲಿ. ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಹಾಗೆ ಕಾದು ಪಡೆದ ಕಾರನ್ನು ಕೆಟ್ಟು ನಿಂತಾಗಲೂ ಮಾರಲು ಮನಸ್ಸು ಬಾರದೆ ಹಿತ್ತಲಿಗೆ ತಳ್ಳಿದವರು ಕಡಿಮೆಯೇನಲ್ಲ.

ಇಂಥ ಕಾರನ್ನು ಮನೆಯಲ್ಲೇ ಎಬ್ಬಿಸಿ ನಿಲ್ಲಿಸಲು ಹೊರಟವರು ಮೊದಲು ಮಾಡುವ ತಪ್ಪೆಂದರೆ ಹೊಸ ಬ್ಯಾಟರಿ ಹಾಕಿ ಸೆಲ್ಫ್ ಒತ್ತುವುದು. ವರ್ಷಗಳ ಕಾಲ ನಿಂತ ಎಂಜಿನ್ನಿನಲ್ಲಿ ಪಿಸ್ಟನ್ ರಿಂಗುಗಳು ತುಕ್ಕಿನಿಂದ ಸಿಲಿಂಡರಿಗೆ ಕಚ್ಚಿಕೊಂಡಿರುತ್ತವೆ. ಬಲವಂತ ಮಾಡಿದರೆ ರಿಂಗು ಮುರಿಯುತ್ತದೆ. ಬಲ್ಲ ಮೇಸ್ತ್ರಿ ಪ್ಲಗ್ಗುಗಳನ್ನು ಬಿಚ್ಚಿ, ಆ ತೂತುಗಳಲ್ಲಿ ತೆಳು ಎಣ್ಣೆ ಬಿಟ್ಟು ಕೆಲವು ದಿನ ಕಾಯುತ್ತಾನೆ. ಆಮೇಲೆ ಕೈಯಿಂದಲೇ ಮೆಲ್ಲನೆ ತಿರುಗಿಸಿ ನೋಡುತ್ತಾನೆ. ಟ್ಯಾಂಕಿನಲ್ಲಿ ಉಳಿದ ಪೆಟ್ರೋಲು ಅಂಟಾಗಿ ಕಾರ್ಬುರೇಟರಿನ ಸಣ್ಣ ರಂಧ್ರಗಳನ್ನು ಮುಚ್ಚಿರುತ್ತದೆ. ಬ್ರೇಕಿನ ರಬ್ಬರುಗಳು ಒಣಗಿ ಸೀಳಿರುತ್ತವೆ. ವೈರುಗಳನ್ನು ಇಲಿ ಕಡಿದಿರುತ್ತದೆ. ಓಡುವ ಮುನ್ನ ನಿಲ್ಲುವುದು ಕಲಿಯಬೇಕು. ಆದ್ದರಿಂದ ಎಂಜಿನ್ ಸದ್ದು ಮಾಡಿದೊಡನೆ ಹಿಗ್ಗದೆ ಮೊದಲು ಬ್ರೇಕು ಸರಿಪಡಿಸಬೇಕು.

ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ತಗಡಿನ ಕೆಲಸದಲ್ಲಿ. ಅಂಬಾಸಿಡರ್, ಫಿಯೆಟ್‌ಗಳಿಗೆ ಲಾರಿಗಿರುವಂಥ ಪ್ರತ್ಯೇಕ ಚಾಸಿ ಇಲ್ಲ. ಮೈಯ ತಗಡೇ ಭಾರ ಹೊರುತ್ತದೆ. ಕಾಲಡಿಯ ತಗಡು ತುಕ್ಕು ಹಿಡಿದಿದ್ದರೆ ಅದನ್ನು ಕತ್ತರಿಸಿ ಹೊಸದನ್ನು ಬೆಸೆಯಬೇಕೇ ಹೊರತು ಲಪ್ಪ ಬಳಿದು ಬಣ್ಣ ಹೊಡೆದರೆ ರೋಗ ಒಳಗೇ ಬೆಳೆಯುತ್ತದೆ.

ಇಲ್ಲಿಗೆ ಪ್ರಶ್ನೆ ಬರುವುದು ಎಷ್ಟು ಬದಲಿಸಬಹುದು ಎಂದು. ಪೆಟ್ರೋಲು ದುಬಾರಿಯೆಂದು ಹಳೆಯ ಕಾರುಗಳಿಗೆ ಡೀಸೆಲ್ ಎಂಜಿನ್ ಕೂರಿಸುವುದು ಒಂದು ಕಾಲಕ್ಕೆ ಸಾಮಾನ್ಯವಾಗಿತ್ತು. ಅಂದಿಗೆ ಅದು ಜಾಣತನ, ಇಂದಿಗೆ ನಷ್ಟ. ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ಹೊರಡಿಸಿದ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ದ್ವಿಚಕ್ರ ಹಾಗೂ ನಾಲ್ಕು ಚಕ್ರದ ವಾಹನಗಳು ವಿಂಟೇಜ್ ಎನಿಸುತ್ತವೆ. ಚಾಸಿ, ಮೈಕಟ್ಟು ಅಥವಾ ಎಂಜಿನ್ನಿನಲ್ಲಿ ದೊಡ್ಡ ಮಾರ್ಪಾಡು ಆಗಿದ್ದರೆ ಈ ಮಾನ್ಯತೆ ಸಿಗದು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, 10 ವರ್ಷದ ಅವಧಿ, ‘ವಿಎ’ ಅಕ್ಷರಗಳುಳ್ಳ ಫಲಕವನ್ನು ನಿಯಮ ನಿಗದಿಪಡಿಸಿತು. ಅಂಥ ಕಾರು ಪ್ರದರ್ಶನ, ರ‍್ಯಾಲಿ, ದುರಸ್ತಿಯಂಥ ಕೆಲಸಗಳಿಗೆ ರಸ್ತೆಗಿಳಿಯಬಹುದು, ದಿನನಿತ್ಯದ ಓಡಾಟಕ್ಕಲ್ಲ.

ಹೀಗಾಗಿ ಸ್ಪ್ಯಾನರ್ ಹಿಡಿಯುವ ಮೊದಲು ಹುಡುಕಬೇಕಾದದ್ದು ಆರ್.ಸಿ. ಪುಸ್ತಕವನ್ನು. ಅದರಲ್ಲಿರುವ ಎಂಜಿನ್, ಚಾಸಿ ಸಂಖ್ಯೆಗಳು ಕಾರಿನ ಮೇಲಿನ ಸಂಖ್ಯೆಗಳಿಗೆ ತಾಳೆಯಾಗಬೇಕು. 1997ರಲ್ಲಿ ಕೊಪ್ಪಳ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಈ ನಾಲ್ಕೂ ತಾಲ್ಲೂಕುಗಳು ರಾಯಚೂರಿಗೆ ಸೇರಿದ್ದವು. ಪುಸ್ತಕ ಕಳೆದಿದ್ದರೆ ಮೂಲ ದಾಖಲೆಗಾಗಿ ಅಲ್ಲಿಯೂ ವಿಚಾರಿಸಬೇಕಾದೀತು. ಕಾರಿನ ಫಲಕದಲ್ಲಿಯೂ ಚರಿತ್ರೆಯಿದೆ: ‘ಎಂವೈ’ ಎಂದು ಆರಂಭವಾದರೆ ಅದು ಮೈಸೂರು ರಾಜ್ಯದ ನೆನಪು, ‘ಕೆಎ 37’ ಎಂದಿದ್ದರೆ ಹೊಸ ಜಿಲ್ಲೆಯ ಗುರುತು.

ನಿಜಾಮರ ಕಾರನ್ನು ಕಾಯಲು ಅರಮನೆಯಿತ್ತು. ಗಿರಣಿಯ ದುಡಿಮೆಯಲ್ಲಿ, ಭತ್ತದ ಹಣದಲ್ಲಿ ಕೊಂಡ ಕಾರನ್ನು ಕಾಯುವವರು ಮನೆಯವರೇ. ಗುಜರಿಯವನು ಅದನ್ನು ಕೊಳ್ಳುವುದು ತಗಡಿನ ತೂಕಕ್ಕೆ. ಈ ನೆಲಕ್ಕೆ ನೀರು ಬಂದ ಕಾಲದ ಕತೆಗೆ ಅವನ ತಕ್ಕಡಿಯಲ್ಲಿ ಬೆಲೆಯಿಲ್ಲ.