ಕ್ಲೌಡ್ ಕ್ವೆರಿಗಳ ಸಿಂಟ್ಯಾಕ್ಸ್ ದೋಷ

ದೂರದ ದತ್ತಾಂಶ ಕೇಂದ್ರದಲ್ಲಿರುವ ಸರ್ವರುಗಳ ವಿವರವನ್ನು ಕಮಾಂಡ್ ಲೈನಿನಿಂದ ಕೇಳುವಾಗ ಆದೇಶದ ಬರಹದಲ್ಲಿ ನುಸುಳುವ ತಪ್ಪು. ಬೆನ್ನಿಗಾನಹಳ್ಳಿಯ ಆರ್‌ಎಂಜೆಡ್ ಇನ್ಫಿನಿಟಿ, ಸಿ.ವಿ. ರಾಮನ್ ನಗರದ ಬಾಗ್ಮನೆ ಟೆಕ್ ಪಾರ್ಕ್ ಮೊದಲಾದ ಪೂರ್ವ ಬೆಂಗಳೂರಿನ ಕಚೇರಿಗಳಲ್ಲಿ ಇದು ಮಾಮೂಲಿ. ಟೈಪಿಸುವವರು ಇಲ್ಲಿದ್ದರೂ ಯಂತ್ರಗಳಿರುವುದು ಬೇರೆಡೆ: ಅಮೆಜಾನ್ ವೆಬ್ ಸರ್ವೀಸಸ್ ತನ್ನ ಕೇಂದ್ರಗಳನ್ನು ಮುಂಬಯಿಯಲ್ಲಿ 2016ರಲ್ಲಿ, ಹೈದರಾಬಾದಿನಲ್ಲಿ 2022ರಲ್ಲಿ ತೆರೆಯಿತು. ಬೆಂಗಳೂರಿನ ದಂಡು ಪ್ರದೇಶಕ್ಕೆ (ಕಂಟೋನ್ಮೆಂಟ್) ಹೀಗೆ ದೂರದ ಕೇಂದ್ರಗಳೊಡನೆ ದುಡಿಯುವುದು ಹೊಸದೇನಲ್ಲ. 1985ರಲ್ಲಿ ಮಿಲ್ಲರ್ಸ್ ರಸ್ತೆಯಲ್ಲಿ ನೆಲೆಯೂರಿದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಉಪಗ್ರಹದ ಮೂಲಕ ವಿದೇಶದ ತನ್ನ ಕೇಂದ್ರಗಳಿಗೆ ಕೆಲಸ ಕಳಿಸುತ್ತಿತ್ತು.

ದೋಷದ ಬೇರು ಹೆಚ್ಚಾಗಿ ಉದ್ಧರಣ ಚಿಹ್ನೆಗಳಲ್ಲಿದೆ. ಬರೆದ ಸಾಲನ್ನು ಮೊದಲು ಓದುವುದು ಆದೇಶಗಳನ್ನು ಓಡಿಸುವ ಶೆಲ್. ಅದು ಬಿಟ್ಟುಕೊಟ್ಟದ್ದನ್ನಷ್ಟೇ ಅಮೆಜಾನಿನ ಕಮಾಂಡ್ ಲೈನ್ ಸಾಧನವಾದ ಎಡಬ್ಲ್ಯೂಎಸ್ ಸಿಎಲ್‌ಐ ಓದುತ್ತದೆ. ಅದರ ಕ್ವೆರಿ ಭಾಷೆಯಾದ ಜೆಎಂಇಎಸ್‌ಪಾತ್‌ನಲ್ಲಿ ಒಂಟಿ ಉದ್ಧರಣದೊಳಗಿನದು ಪಠ್ಯ, ಜೋಡಿ ಉದ್ಧರಣದೊಳಗಿನದು ಫೀಲ್ಡಿನ ಹೆಸರು, ಬ್ಯಾಕ್‌ಟಿಕ್‌ನೊಳಗಿನದು ಸಂಖ್ಯೆಯಂಥ ಜೇಸನ್ ಮೌಲ್ಯ. ಬ್ಯಾಷ್ ಶೆಲ್‌ಗೆ ಇವೇ ಚಿಹ್ನೆಗಳು ಬೇರೆ ಅರ್ಥ ಕೊಡುತ್ತವೆ. 50 ಜಿಬಿಗಿಂತ ದೊಡ್ಡ ಡಿಸ್ಕುಗಳನ್ನು ಹುಡುಕುವ ಕ್ವೆರಿಯನ್ನು ಜೋಡಿ ಉದ್ಧರಣದಲ್ಲಿ ಸುತ್ತಿದರೆ, ಒಳಗಿನ ಬ್ಯಾಕ್‌ಟಿಕ್ ಕಂಡ ಬ್ಯಾಷ್ ‘50’ ಎಂಬ ಪ್ರೋಗ್ರಾಮನ್ನೇ ಓಡಿಸಲು ಹೊರಟು, ಅಂಥದ್ದಿಲ್ಲ ಎಂದು ದೂರುತ್ತದೆ. ಹೊರಗಡೆ ಒಂಟಿ ಉದ್ಧರಣ ಹಾಕಿದರೆ ಸರಿಹೋಗುತ್ತದೆ. ಅದೇ ಪರಿಹಾರ ವಿಂಡೋಸಿನ ಹಳೆಯ ಕಮಾಂಡ್ ಪ್ರಾಂಪ್ಟಿನಲ್ಲಿ ನಡೆಯದು. ಅಲ್ಲಿ ಒಂಟಿ ಉದ್ಧರಣ ಬರೀ ಒಂದು ಅಕ್ಷರ.

ಖಾಲಿ ಜಾಗವೂ ಕಾಡುತ್ತದೆ. ಫಿಲ್ಟರಿನ ಮೌಲ್ಯವಾಗಿ ‘ಕೆಆರ್ ಪುರಂ’ ಎಂಬುದನ್ನು ಉದ್ಧರಣವಿಲ್ಲದೆ ಕೊಟ್ಟರೆ ಶೆಲ್ ಅದನ್ನು ಎರಡಾಗಿ ಸೀಳುತ್ತದೆ. ‘ಪುರಂ’ ಇನ್ನೊಂದು ಫಿಲ್ಟರೆಂದು ಭಾವಿಸಿದ ಸಿಎಲ್‌ಐ, ಸಮ ಚಿಹ್ನೆ ಎಲ್ಲಿ ಎಂದು ಕೇಳುತ್ತದೆ. ವರ್ಡ್ ಕಡತದಿಂದ ನಕಲಿಸಿದ ಆದೇಶಗಳಲ್ಲಿ ಬಾಗಿದ ಉದ್ಧರಣಗಳು, ಎರಡು ಹೈಫನ್ ಇರಬೇಕಾದಲ್ಲಿ ಒಂದು ಉದ್ದಗೆರೆ ಕೂತಿರುವುದುಂಟು. ಕಣ್ಣಿಗೆ ಬೀಳದ ಕಾರಣ ಇವು ಬಹಳ ಹೊತ್ತು ತಿನ್ನುತ್ತವೆ. ಡಿಬಗ್ ಆಯ್ಕೆ ಸೇರಿಸಿ ಓಡಿಸಿದರೆ ಸಿಎಲ್‌ಐ ಕೈಗೆ ನಿಜವಾಗಿ ಏನು ತಲುಪಿತೆಂಬುದು ಕಾಣುತ್ತದೆ. ಊಹೆಯಿಂದ ಚಿಹ್ನೆ ಬದಲಿಸುತ್ತ ಕೂರುವುದಕ್ಕಿಂತ ಇದು ಎಷ್ಟೋ ಮೇಲು.

ಗೂಗಲ್ ಕ್ಲೌಡಿನ ರೂಢಿ ಬೇರೆ: ಅದರ ಫಿಲ್ಟರಿನಲ್ಲಿ ‘ಆ್ಯಂಡ್’, ‘ಆರ್’ ಪದಗಳು ದೊಡ್ಡಕ್ಷರದಲ್ಲೇ ಇರಬೇಕು.

ಸದ್ದು ಮಾಡುವ ದೋಷಕ್ಕಿಂತ ಮೌನವಾಗಿರುವುದು ಕೆಟ್ಟದ್ದು. ಜೆಎಂಇಎಸ್‌ಪಾತ್ ಇಂಗ್ಲಿಷಿನ ದೊಡ್ಡ, ಚಿಕ್ಕ ಅಕ್ಷರಗಳನ್ನು ಬೇರೆಯೆಂದೇ ಎಣಿಸುತ್ತದೆ. ‘ಇನ್‌ಸ್ಟೆನ್ಸಸ್’ ಎಂಬ ಫೀಲ್ಡಿನ ಹೆಸರಿನ ಮೊದಲಕ್ಷರ ಚಿಕ್ಕದಾದರೆ ದೋಷಸಂದೇಶವಿಲ್ಲ, ಉತ್ತರವೂ ಇಲ್ಲ. ಸರ್ವರುಗಳಿಗೆ ಗುರುತಿಗಾಗಿ ಅಂಟಿಸಿದ ಟ್ಯಾಗಿನಲ್ಲಿ ಒಬ್ಬರು ‘ಹಲಸೂರು’ ಎಂದೂ ಮತ್ತೊಬ್ಬರು ‘ಅಲ್ಸೂರ್’ ಎಂದೂ ಬರೆದಿದ್ದರೆ, ವ್ಯಾಕರಣ ಪೂರ್ತಿ ಸರಿಯಿದ್ದರೂ ಅರ್ಧ ಸರ್ವರುಗಳು ಪಟ್ಟಿಯಿಂದ ತಪ್ಪಿಹೋಗುತ್ತವೆ. ಇಂಥಲ್ಲಿ ಫಿಲ್ಟರು ತೆಗೆದು, ಇರುವ ಟ್ಯಾಗುಗಳನ್ನೆಲ್ಲ ಒಮ್ಮೆ ಮುದ್ರಿಸಿ ನೋಡಬೇಕಾಗುತ್ತದೆ.