ವಿಕಿರಣ ಇಂಗಾಲ ಕಾಲನಿರ್ಣಯ

ವಿಕಿರಣ ಇಂಗಾಲ ಕಾಲನಿರ್ಣಯವು ಒಮ್ಮೆ ಜೀವಿಗಳ ಭಾಗವಾಗಿದ್ದ ಮರ, ಇದ್ದಿಲು, ಮೂಳೆ, ಬಟ್ಟೆ, ಧಾನ್ಯ ಮೊದಲಾದ ವಸ್ತುಗಳ ಪ್ರಾಚೀನತೆಯನ್ನು ಅವುಗಳಲ್ಲಿ ಉಳಿದಿರುವ ಇಂಗಾಲ-14ರ ಪ್ರಮಾಣದಿಂದ ನಿರ್ಣಯಿಸುವ ವಿಧಾನವಾಗಿದೆ. ಇದನ್ನು 1940ರ ದಶಕದ ಕೊನೆಯಲ್ಲಿ ಷಿಕಾಗೊ ವಿಶ್ವವಿದ್ಯಾಲಯದಲ್ಲಿ ವಿಲ್ಲರ್ಡ್ ಲಿಬ್ಬಿ ಮತ್ತು ಅವರ ಸಹೋದ್ಯೋಗಿಗಳು ರೂಪಿಸಿದರು. ಲಿಬ್ಬಿಯವರಿಗೆ ಇದಕ್ಕಾಗಿ 1960ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರೆಯಿತು.

ತತ್ತ್ವ

ವಿಶ್ವಕಿರಣಗಳ ಪರಿಣಾಮವಾಗಿ ವಾಯುಮಂಡಲದ ಮೇಲ್ಭಾಗದಲ್ಲಿ ಸಾರಜನಕದ ಕೆಲವು ಪರಮಾಣುಗಳು ಇಂಗಾಲ-14 ಆಗಿ ಮಾರ್ಪಡುತ್ತವೆ. ಇದು ಇಂಗಾಲದ ಡೈಆಕ್ಸೈಡ್ ಮೂಲಕ ಸಸ್ಯಗಳನ್ನೂ ಆಹಾರದ ಮೂಲಕ ಪ್ರಾಣಿಗಳನ್ನೂ ಸೇರುತ್ತದೆ. ಇದರ ಪ್ರಮಾಣ ಅತ್ಯಲ್ಪ: ಸುಮಾರು ಒಂದು ಲಕ್ಷ ಕೋಟಿ ಇಂಗಾಲ ಪರಮಾಣುಗಳಿಗೆ ಒಂದು. ಜೀವಿ ಸತ್ತೊಡನೆ ಪೂರೈಕೆ ನಿಲ್ಲುತ್ತದೆ. ಒಳಗಿರುವ ಇಂಗಾಲ-14 ಕ್ಷಯಿಸಿ ಮತ್ತೆ ಸಾರಜನಕವಾಗುತ್ತಾ ಹೋಗುತ್ತದೆ. ಇದರ ಅರ್ಧಾಯು ಸುಮಾರು 5,730 ವರ್ಷ. ಆದುದರಿಂದ ಆರಂಭದ ಕಾಲುಭಾಗ ಮಾತ್ರ ಉಳಿದಿದ್ದರೆ ಎರಡು ಅರ್ಧಾಯುಗಳು, ಅಂದರೆ 11,460 ವರ್ಷಗಳು ಕಳೆದಿವೆ. ಶೇಕಡ 70 ಉಳಿದಿದ್ದರೆ ಲೆಕ್ಕಕ್ಕೆ ಲಾಗರಿತಮ್ ಬೇಕಾಗುತ್ತದೆ. ಉತ್ತರ ಸುಮಾರು 2,950 ವರ್ಷ.

ತರಗತಿಯಲ್ಲಿ

ಒಂದು ಪರಮಾಣು ಯಾವಾಗ ಕ್ಷಯಿಸುವುದೆಂದು ಹೇಳಲಾಗದು; ಆದರೂ ಗುಂಪಿನ ಅರ್ಧಾಯು ನಿಶ್ಚಿತ. ವಿದ್ಯಾರ್ಥಿಗಳಿಗೆ ಕಠಿಣವೆನಿಸುವ ಈ ಅಂಶವನ್ನು ನಾಣ್ಯಗಳಿಂದ ತೋರಿಸಬಹುದು. ನೂರು ನಾಣ್ಯಗಳನ್ನು ಚಿಮ್ಮಿ, ತಲೆ ಮೇಲಾಗಿ ಬಿದ್ದವನ್ನು ತೆಗೆದುಹಾಕಿ, ಉಳಿದವನ್ನು ಮತ್ತೆ ಚಿಮ್ಮಬೇಕು. ಸಂಖ್ಯೆ ಸರಿಸುಮಾರು 50, 25, 12 ಎಂದು ಇಳಿಯುತ್ತದೆ. ನಾಲ್ಕೈದು ನಾಣ್ಯಗಳು ಉಳಿದಾಗ ಈ ಕ್ರಮ ತಪ್ಪತೊಡಗುತ್ತದೆ. ಇದು ಪ್ರಯೋಗದ ದೋಷವಲ್ಲ. ಬಹಳ ಹಳೆಯ ಮಾದರಿಗಳಲ್ಲಿಯೂ ಎಣಿಸಲು ಸಿಗುವ ಪರಮಾಣುಗಳು ಕಡಿಮೆಯಾಗಿ ಅನಿಶ್ಚಿತತೆ ಹೆಚ್ಚುತ್ತದೆ. ಅಲ್ಪ ಪ್ರಮಾಣದ ಹೊಸ ಇಂಗಾಲ ಬೆರೆತರೂ ಫಲಿತಾಂಶ ಕೆಡುತ್ತದೆ. ಈ ಕಾರಣಗಳಿಂದ ಸುಮಾರು 50,000 ವರ್ಷಗಳಾಚೆಗೆ ಈ ವಿಧಾನ ಉಪಯುಕ್ತವಲ್ಲ.

ತಿದ್ದುಪಡಿ ಮತ್ತು ಮಿತಿಗಳು

ವಾಯುಮಂಡಲದ ಇಂಗಾಲ-14 ಎಲ್ಲ ಕಾಲದಲ್ಲಿಯೂ ಒಂದೇ ಮಟ್ಟದಲ್ಲಿತ್ತೆಂಬ ಆರಂಭದ ಊಹೆ ಸರಿಯಲ್ಲವೆಂದು ಬಳಿಕ ತಿಳಿದುಬಂದಿತು. ಮರಗಳ ವಾರ್ಷಿಕ ಉಂಗುರಗಳಲ್ಲಿ ಪ್ರತಿವರ್ಷದ ಇಂಗಾಲ ಉಳಿದಿರುವುದರಿಂದ, ಅವುಗಳೊಡನೆ ಹೋಲಿಸಿ ಅಳತೆಯನ್ನು ಪಂಚಾಂಗದ ವರ್ಷಗಳಿಗೆ ಪರಿವರ್ತಿಸಲಾಗುತ್ತದೆ. ಉತ್ತರವು ಸಾಮಾನ್ಯವಾಗಿ ಒಂದು ವರ್ಷವಲ್ಲ, ಒಂದು ಅವಧಿ. 1988ರಲ್ಲಿ ಟ್ಯೂರಿನ್‌ನ ಶವವಸ್ತ್ರದ ತುಣುಕುಗಳನ್ನು ಮೂರು ಪ್ರಯೋಗಾಲಯಗಳು ಪರೀಕ್ಷಿಸಿದಾಗ ದೊರೆತದ್ದು ಕ್ರಿ.ಶ. 1260ರಿಂದ 1390ರವರೆಗಿನ ಅವಧಿ.

ಅಳೆಯಲಾಗುವುದು ಜೀವಿಯ ಮರಣದ ಕಾಲವೇ ಹೊರತು ವಸ್ತುವಿನ ಬಳಕೆಯ ಕಾಲವಲ್ಲ. ಹಳೆಯ ತೊಲೆಯಿಂದ ಹೊಸ ಮನೆ ಕಟ್ಟಿದ್ದರೆ ತೊಲೆಯು ಮನೆಗಿಂತ ಹಳೆಯ ಕಾಲವನ್ನೇ ತೋರಿಸುತ್ತದೆ. ಮರದ ಒಳತಿರುಳಿನ ಉಂಗುರಗಳಂತೂ ಮರ ಕಡಿಯುವುದಕ್ಕೆ ಎಷ್ಟೋ ಮೊದಲೇ ಇಂಗಾಲ ಪಡೆಯುವುದನ್ನು ನಿಲ್ಲಿಸಿರುತ್ತವೆ.

ಹಲ್ಮಿಡಿಯಂತಹ ಶಿಲಾಶಾಸನದ ಕಾಲವನ್ನೂ ಹೀಗೆಯೇ ತಿಳಿಯಬಹುದೆಂಬುದು ತಪ್ಪು ಕಲ್ಪನೆ. ಬಂಡೆಗಳಿಗೆ ಯುರೇನಿಯಂ-ಸೀಸದಂತಹ ಬೇರೆ ವಿಧಾನಗಳಿವೆ. ಯುರೇನಿಯಂ-238ರ ಅರ್ಧಾಯು ಸುಮಾರು 447 ಕೋಟಿ ವರ್ಷ. ಆದರೆ ಅವು ತಿಳಿಸುವುದು ಶಿಲೆ ರೂಪುಗೊಂಡ ಕಾಲವನ್ನು. ಅದರ ಮೇಲೆ ಅಕ್ಷರ ಕೊರೆದ ಕಾಲವನ್ನು ಲಿಪಿ, ಭಾಷೆ ಹಾಗೂ ಅದರಲ್ಲಿ ಹೆಸರಿಸಿದ ಅರಸರಿಂದಲೇ ನಿರ್ಧರಿಸಬೇಕಾಗುತ್ತದೆ.